ಕಾಫಿ ಗಿರಣಿಯಲ್ಲಿ ಗೋಧಿ ಬೀಸಿದ ತಾಯಿ

ಕಾಫಿ ಬೀಜ ಪುಡಿ ಮಾಡುವ ಕೈಗಿರಣಿಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಚಿಕ್ಕಮಗಳೂರು, ಹಾಸನ, ಕೊಡಗಿನ ಹಳೆಯ ಮನೆಗಳ ಅಟ್ಟದ ಮೇಲೆ ಹುಡುಕಿದರೆ ಈಗಲೂ ಒಂದು ಸಿಕ್ಕೀತು. ಒಂದು ಹಿಡಿ ಬೀಜ ಸುರಿದು ಹಿಡಿಕೆ ತಿರುಗಿಸಿದರೆ ನಾಲ್ಕು ಲೋಟ ಕಾಫಿಗಾಗುವಷ್ಟು ಪುಡಿ ಬೀಳುತ್ತದೆ, ಅಷ್ಟೇ. ಅಂಥದೊಂದು ಗಿರಣಿಗೆ ಕಾಫಿ ಬೀಜದ ಬದಲು ಗೋಧಿ ಹಾಕಿ, ಬೆಳಗಿನಿಂದ ಕತ್ತಲಾಗುವವರೆಗೆ ಸರದಿಯ ಮೇಲೆ ತಿರುಗಿಸಿ, ಒಂದು ಇಡೀ ಚಳಿಗಾಲ ಮನೆಮಂದಿಯ ಹೊಟ್ಟೆ ಹೊರೆದ ತಾಯಿಯ ಕತೆ ಇದು. ಆಕೆಯ ಹೆಸರು ಕ್ಯಾರೊಲಿನ್ ಇಂಗಲ್ಸ್. ಊರು ಅಮೆರಿಕದ ಡಕೋಟಾ ಸೀಮೆಯ ಡಿ ಸ್ಮೆಟ್. ಕಾಲ 1880-81.

ಆ ವರ್ಷ ಅಕ್ಟೋಬರಿನಲ್ಲೇ ಹಿಮದ ಬಿರುಗಾಳಿ ಶುರುವಾಯಿತು. ಒಂದು ನಿಂತಿತು ಅನ್ನುವಷ್ಟರಲ್ಲಿ ಇನ್ನೊಂದು. ರೈಲು ಹಳಿಯ ಮೇಲೆ ಹಿಮ ಗುಡ್ಡದಂತೆ ಬಿದ್ದು, 1881ರ ಜನವರಿಯಿಂದ ಮೇ ತಿಂಗಳವರೆಗೆ ಊರಿಗೆ ಒಂದು ರೈಲೂ ಬರಲಿಲ್ಲ. ಹೊಸದಾಗಿ ಎದ್ದ ಊರು. ಹಿಟ್ಟು, ಸಕ್ಕರೆ, ಸೀಮೆಎಣ್ಣೆ, ಕಲ್ಲಿದ್ದಲು ಎಲ್ಲ ರೈಲಿನಲ್ಲೇ ಬರಬೇಕು. ಅಂಗಡಿ ಬರಿದಾಯಿತು. ಬಯಲುಸೀಮೆಯಲ್ಲಿ ಮರವಿಲ್ಲ, ಸೌದೆ ಎಲ್ಲಿಂದ ಬರಬೇಕು? ಒಣಹುಲ್ಲನ್ನು ಹಗ್ಗದ ಹಾಗೆ ಬಿಗಿಯಾಗಿ ಹೊಸೆದು, ಗಂಟು ಹಾಕಿ, ಅದನ್ನೇ ಒಲೆಗೆ ಒಡ್ಡಿದರು. ಒಂದು ಕಟ್ಟು ಉರಿದು ಮುಗಿಯುವಷ್ಟರಲ್ಲಿ ಇನ್ನೊಂದು ಸಿದ್ಧವಿರಬೇಕು. ಗಂಡ ಚಾರ್ಲ್ಸ್ ಮತ್ತು ಎರಡನೆಯ ಮಗಳು ಲಾರಾಳ ಕೈ ಹುಲ್ಲು ಹೊಸೆದೂ ಹೊಸೆದೂ ಬಿರಿಯಿತು.

ಬಿತ್ತನೆಗೆಂದು ತಂದಿಟ್ಟಿದ್ದ ಗೋಧಿಯೇ ಗತಿಯಾದಾಗ ಕ್ಯಾರೊಲಿನ್‌ಳಿಗೆ ಹೊಳೆದದ್ದು ಈ ಕಾಫಿ ಗಿರಣಿ. ಬಿದ್ದದ್ದು ತರಿತರಿಯಾದ ಕಂದು ಹಿಟ್ಟು. ಯೀಸ್ಟ್ ಇಲ್ಲ, ಹಾಲಿಲ್ಲ, ಬೆಣ್ಣೆಯಿಲ್ಲ. ಹುಳಿ ಬರಿಸಿದ ಹಿಟ್ಟು ಕಲಸಿ ರೊಟ್ಟಿ ಸುಟ್ಟಳು. ಈ ಹುಳಿಹಿಟ್ಟಿನ ಗುಟ್ಟು ನಮಗೆ ಹೊಸದಲ್ಲ. ಹಿಟ್ಟಿಗೆ ಬೆಚ್ಚಗಿನ ನೀರು ಬೆರೆಸಿ ಇಟ್ಟು, ಅದು ಹುಳಿಯಾದ ಮೇಲೆ ಅಡಿಗೆ ಸೋಡಾ ಹಾಕಿ ಬೇಯಿಸುವುದು. ಪ್ರತಿ ಸಲವೂ ಸ್ವಲ್ಪ ಉಳಿಸಿ ಮುಂದಿನ ಸಲಕ್ಕೆ ಹೆಪ್ಪಿನಂತೆ ಬಳಸುವುದು. ದೋಸೆ ಹಿಟ್ಟಿನ ತಳದಲ್ಲಿ ಒಂದು ಸೌಟು ಉಳಿಸುವ ನಮ್ಮ ಅಜ್ಜಿಯರು ಕೇಳಿದ್ದರೆ "ಇದೇನು ಮಹಾ, ನಮ್ಮದೇ ಲೆಕ್ಕ" ಅಂದಿರೋರು!

ಲಾರಾ ಮುಂದೆ ಈ ಚಳಿಗಾಲದ ಬಗ್ಗೆ ಒಂದು ಕಾದಂಬರಿಯನ್ನೇ ಬರೆದಳು. ಅದರಲ್ಲಿ ಬರುವುದು ಅವರ ಮನೆಯ ಆರು ಜನ ಮಾತ್ರ: ಅಪ್ಪ, ಅಮ್ಮ, ನಾಲ್ಕು ಹೆಣ್ಣುಮಕ್ಕಳು. ಆದರೆ ಆಕೆಯ ನೆನಪಿನ ಬರಹ 2014ರಲ್ಲಿ ಅಚ್ಚಾದಾಗ ಇನ್ನೊಂದು ಸಂಗತಿ ಎಲ್ಲರಿಗೂ ತಿಳಿಯಿತು. ಆ ಮನೆಯಲ್ಲಿ ಇನ್ನೊಂದು ಎಳೆಯ ದಂಪತಿಗಳೂ ಇದ್ದರು. ಹೆಂಡತಿ ತುಂಬಿದ ಗರ್ಭಿಣಿ. ಹೆರಿಗೆಯೂ ಅಲ್ಲೇ ಆಯಿತು. ಅಂದರೆ ಅಳೆದು ಅಳೆದು ಬೀಸಿದ ಆ ಹಿಟ್ಟಿನಲ್ಲೇ ಕ್ಯಾರೊಲಿನ್ ಒಬ್ಬ ಬಾಣಂತಿಯನ್ನೂ ಸಂಭಾಳಿಸಿದಳು. ಕಾದಂಬರಿಗಿಂತ ನನಗೆ ಇದೇ ದೊಡ್ಡದೆನಿಸುತ್ತದೆ.

ಗಾಡಿ ಕಟ್ಟಿದ್ದೇ ಕಟ್ಟಿದ್ದು

ಕ್ಯಾರೊಲಿನ್ ಹುಟ್ಟಿದ್ದು 1839ರ ಡಿಸೆಂಬರ್ 12ರಂದು, ವಿಸ್ಕಾನ್ಸಿನ್‌ನಲ್ಲಿ. ಐದು ವರ್ಷದ ಮಗುವಾಗಿದ್ದಾಗ ತಂದೆ ಮಿಷಿಗನ್ ಸರೋವರದಲ್ಲಿ ಹಡಗು ಮುಳುಗಿ ತೀರಿಕೊಂಡರು. ಬಡತನ ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಓದಿದಳು, ಹರೆಯಕ್ಕೆ ಬರುವಷ್ಟರಲ್ಲಿ ಶಾಲೆಯಲ್ಲಿ ಪಾಠ ಹೇಳಿದಳು. 1860ರ ಫೆಬ್ರವರಿ 1ರಂದು ಪಕ್ಕದ ಹೊಲದವರ ಮಗ ಚಾರ್ಲ್ಸ್ ಇಂಗಲ್ಸ್‌ನನ್ನು ಮದುವೆಯಾದಳು. ತಮಾಷೆಯೆಂದರೆ ಆಕೆಯ ಅಣ್ಣನೂ ಅಕ್ಕತಂಗಿಯರಲ್ಲೊಬ್ಬಳೂ ಅದೇ ಮನೆಯ ಸಂಬಂಧವನ್ನೇ ಮಾಡಿದರು. ನಮ್ಮ ಕಡೆ ಹೆಣ್ಣು ಕೊಟ್ಟು ಹೆಣ್ಣು ತರುವ ಹಾಗೆ, ಎರಡು ಮನೆಗಳ ನಡುವೆ ಮೂರು ಮದುವೆ!

ಚಾರ್ಲ್ಸ್ ಕೆಟ್ಟವನಲ್ಲ. ದುಡಿಯುವವನು, ಪಿಟೀಲು ಬಾರಿಸುವವನು, ಮಕ್ಕಳೆಂದರೆ ಪ್ರಾಣ. ಆದರೆ ಕಾಲಲ್ಲಿ ಚಕ್ರ. ಪಡುವಣಕ್ಕೆ ಹೋದರೆ ಒಳ್ಳೆಯ ಭೂಮಿ ಸಿಗುತ್ತದೆ ಎಂಬ ಹಂಬಲ. 1862ರ ಕಾನೂನಿನ ಪ್ರಕಾರ 160 ಎಕರೆ ಸರ್ಕಾರಿ ಜಮೀನಿನಲ್ಲಿ ಐದು ವರ್ಷ ವಾಸವಿದ್ದು ಉತ್ತು ಬೆಳೆದರೆ, ಸಣ್ಣದೊಂದು ಶುಲ್ಕಕ್ಕೆ ಅದು ನಿಮ್ಮದೇ. ಮದುವೆಯಾಗದ ಹೆಂಗಸು, ವಿಧವೆ ಕೂಡ ಅರ್ಜಿ ಹಾಕಬಹುದಿತ್ತು. ಗಂಡನೊಡನೆ ಬಾಳುವ ಹೆಂಡತಿಗೆ ಮಾತ್ರ ತನ್ನ ಹೆಸರಿಗೆ ಪಡೆಯುವ ಹಕ್ಕಿಲ್ಲ. ಬೆವರು ಇಬ್ಬರದು, ಖಾತೆ ಒಬ್ಬನದು. ಇದೂ ನಮಗೆ ಗೊತ್ತಿಲ್ಲದ ಮಾತೇನಲ್ಲ.

ಹೀಗೆ ಶುರುವಾಯಿತು ಗಾಡಿಯ ಸಂಸಾರ. 1869ರಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು, ಮೇರಿ ಮತ್ತು ಲಾರಾಳನ್ನು, ಕರೆದುಕೊಂಡು ಕ್ಯಾನ್ಸಾಸ್‌ಗೆ. ಅಲ್ಲಿ ಮರದ ದಿಮ್ಮಿಗಳ ಮನೆ ಕಟ್ಟಿದರು. ಆದರೆ ಆ ನೆಲ ಒಸೇಜ್ ಎಂಬ ಮೂಲನಿವಾಸಿಗಳದು, ಸರ್ಕಾರ ಇನ್ನೂ ಯಾರಿಗೂ ಹಂಚಿರಲಿಲ್ಲ. ಬಿಳಿಯರು ತಾವಾಗಿ ನುಗ್ಗಿ ಕೂತರು. ಕೊನೆಗೆ ಊರು ಬಿಟ್ಟು ಹೋಗಬೇಕಾದವರು ಒಸೇಜರೇ. ಲಾರಾಳ ಪುಸ್ತಕಗಳಲ್ಲಿ ಕ್ಯಾರೊಲಿನ್ ಅವರನ್ನು ಕಂಡು ಹೆದರುತ್ತಾಳೆ, ಹೀನಾಯವಾಗಿಯೂ ಕಾಣುತ್ತಾಳೆ. ಈ ತಾಯಿಯ ಗುಣಗಾನ ಮಾಡುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ. ಆ ಚಿತ್ರಣಗಳ ಕಾರಣದಿಂದಲೇ 2018ರಲ್ಲಿ ಅಮೆರಿಕದ ಗ್ರಂಥಪಾಲಕರ ಸಂಘದವರು ಮಕ್ಕಳ ಸಾಹಿತ್ಯದ ಒಂದು ಪ್ರಶಸ್ತಿಯಿಂದ ಲಾರಾಳ ಹೆಸರನ್ನು ತೆಗೆದರು.

ಕ್ಯಾನ್ಸಾಸ್‌ನಲ್ಲಿ ಮನೆಯವರೆಲ್ಲ ಚಳಿಜ್ವರದಿಂದ ಒಟ್ಟಿಗೇ ಮಲಗಿದರು. ನೀರು ಕೊಡಲೂ ಒಬ್ಬರಿಲ್ಲ. ಆಗ ನೆರವಾದವರು ಜಾರ್ಜ್ ಟ್ಯಾನ್ ಎಂಬ ಕಪ್ಪು ಜನಾಂಗದ ವೈದ್ಯರು. ಹೊಳೆದಂಡೆಯ ಕಲ್ಲಂಗಡಿ ತಿಂದದ್ದಕ್ಕೇ ಜ್ವರ ಬಂತೆಂದು ನೆರೆಯವರೊಬ್ಬರು ನಂಬಿದ್ದರಂತೆ! ಮಲೇರಿಯಕ್ಕೂ ಸೊಳ್ಳೆಗೂ ಇರುವ ನಂಟನ್ನು ನಮ್ಮ ಸಿಕಂದರಾಬಾದಿನಲ್ಲಿ ಕೂತು ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರಲ್ಲಿ. 1870ರ ಆಗಸ್ಟಿನಲ್ಲಿ ಮೂರನೆಯ ಮಗಳು ಕ್ಯಾರಿ ಅಲ್ಲೇ ಹುಟ್ಟಿದಳು. ಮರುವರ್ಷ ಮತ್ತೆ ಗಾಡಿ ಕಟ್ಟಿ ವಿಸ್ಕಾನ್ಸಿನ್‌ಗೆ.

ಮಿಡತೆ ತಿಂದ ಬದುಕು

1874ರಲ್ಲಿ ಮಿನಸೋಟಕ್ಕೆ ಹೋದರು. ಲಾರಾ ಬರೆದಿರುವ ಪ್ರಕಾರ ಮೊದಲು ಇದ್ದದ್ದು ಹಳ್ಳದ ದಂಡೆ ಕೊರೆದು ಮಾಡಿದ ಗುಹೆಯಂಥ ಮನೆಯಲ್ಲಿ, ಹುಲ್ಲುಹೆಂಟೆಯ ಸೂರು. ಗೋಧಿ ಚೆನ್ನಾಗಿ ಬಂದರೆ ಸಾಲ ತೀರುತ್ತದೆಂದು ಲೆಕ್ಕ ಹಾಕಿದ್ದರು. ಆದರೆ ಆಕಾಶ ಮಬ್ಬಾಗುವಂತೆ ಮಿಡತೆಯ ದಂಡು ಬಂದು ಇಳಿಯಿತು. ಪೈರು, ಹುಲ್ಲು, ಕೈತೋಟದ ಸೊಪ್ಪು ತರಕಾರಿ, ಒಂದೂ ಬಿಡಲಿಲ್ಲ. ಹೋಗುವಾಗ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಹೋಯಿತು, ಮುಂದಿನ ಬೆಳೆಯೂ ಹೋಯಿತು. (ಆ ಜಾತಿಯ ಮಿಡತೆ ಜೀವಂತವಾಗಿ ಕಂಡದ್ದು 1902ರಲ್ಲೇ ಕೊನೆ. ಸಂಸಾರಗಳನ್ನು ನುಂಗಿ ತಾನೂ ಅಳಿಯಿತು.) ಚಾರ್ಲ್ಸ್ ಕೂಲಿ ಹುಡುಕಿಕೊಂಡು ನೂರಾರು ಮೈಲಿ ಕಾಲ್ನಡಿಗೆಯಲ್ಲಿ ಹೋದ. ಮಕ್ಕಳು, ಹಸು, ಸಾಲ ಮನೆಯಲ್ಲಿ ಕ್ಯಾರೊಲಿನ್ ಕೊರಳಿಗೆ.

1875ರ ನವೆಂಬರ್ 1ರಂದು ಗಂಡು ಮಗು ಹುಟ್ಟಿತು, ಫ್ರೆಡ್ಡಿ. ಅದೇ ತಿಂಗಳ ಕೊನೆಯಲ್ಲಿ ಚಾರ್ಲ್ಸ್ ಅಧಿಕಾರಿಗಳ ಮುಂದೆ, ತನ್ನ ಬಳಿ ಏನೇನೂ ಇಲ್ಲವೆಂದು ಪ್ರಮಾಣಪತ್ರಕ್ಕೆ ಸಹಿ ಮಾಡಿ ಬರಪರಿಹಾರದ ಹಿಟ್ಟು ತಂದ. ಅದರ ಬೆಲೆ 5 ಡಾಲರ್ 25 ಸೆಂಟ್. ಮನೆಯಲ್ಲಿ ಹಸಿ ಬಾಣಂತಿ, ತೊಟ್ಟಿಲಲ್ಲಿ ತಿಂಗಳ ಕೂಸು. ಲಾರಾ ತನ್ನ ಯಾವ ಕಾದಂಬರಿಯಲ್ಲೂ ಈ ಹಿಟ್ಟಿನ ಮಾತೆತ್ತಲಿಲ್ಲ. ಫ್ರೆಡ್ಡಿಯ ಮಾತನ್ನೂ ಎತ್ತಲಿಲ್ಲ. 1876ರ ಆಗಸ್ಟ್ 27ರಂದು, ಊರು ಬಿಟ್ಟು ಅಯೋವಾಕ್ಕೆ ಹೋಗುವ ದಾರಿಯಲ್ಲಿ, ಒಂಬತ್ತು ತಿಂಗಳ ಆ ಮಗು ತೀರಿಕೊಂಡಿತು. ಅಲ್ಲೇ ಮಣ್ಣು ಮಾಡಿ ಮುಂದೆ ಹೊರಟರು.

ಅಯೋವಾದ ಬರ್ ಓಕ್ ಎಂಬ ಊರಿನಲ್ಲಿ ಒಂದು ಹೋಟೆಲಿನ ಚಾಕರಿ. ಅಲ್ಲಿ 1877ರ ಮೇ ತಿಂಗಳಲ್ಲಿ ಕೊನೆಯ ಮಗಳು ಗ್ರೇಸ್ ಹುಟ್ಟಿದಳು. ಊರಿನ ಡಾಕ್ಟರ ಹೆಂಡತಿಗೆ ಲಾರಾಳ ಮೇಲೆ ಅಕ್ಕರೆ. ಒಂದು ದಿನ ಮನೆಗೇ ಬಂದು, ಮಗುವನ್ನು ನನಗೆ ದತ್ತು ಕೊಡಿ, ಸ್ವಂತ ಮಗಳಂತೆ ಸಾಕುತ್ತೇನೆ ಎಂದು ಕೇಳಿದಳಂತೆ. ಉಳ್ಳವರ ಮನೆ, ಮಗು ಸುಖವಾಗಿರುತ್ತಿತ್ತು. ಕ್ಯಾರೊಲಿನ್ ನಗುತ್ತಲೇ, ಇವಳನ್ನು ಬಿಟ್ಟು ನನಗಾಗುವುದಿಲ್ಲ ಎಂದು ಹೇಳಿ ಕಳಿಸಿದಳು. ಪಕ್ಕದಲ್ಲಿ ನಿಂತ ಲಾರಾ ಗಾಬರಿಯಿಂದ ಕೇಳಿಸಿಕೊಂಡಿದ್ದಳು. ಬಾಡಿಗೆ ಕೊಡಲಾರದೆ ರಾತ್ರೋರಾತ್ರಿ ಆ ಊರು ಬಿಟ್ಟ ಮನೆತನ ಅದು, ನೆನಪಿರಲಿ.

ಮೇರಿಯ ಕಣ್ಣು

1879ರಲ್ಲಿ ಹಿರಿಯ ಮಗಳು ಮೇರಿಗೆ ವಿಪರೀತ ಜ್ವರ ಬಂದು ದೃಷ್ಟಿಯೇ ಹೋಯಿತು. ಹದಿನಾಲ್ಕು ವರ್ಷದ ಹುಡುಗಿ. ಮಿದುಳಿಗೆ ತಗುಲಿದ ವೈರಸ್ ಸೋಂಕಿರಬೇಕೆಂದು 2013ರಲ್ಲಿ ವೈದ್ಯರು ಹಳೆಯ ಕಾಗದಪತ್ರ ಪರಿಶೀಲಿಸಿ ಹೇಳಿದ್ದಾರೆ. ಅದೇ ವರ್ಷ ಚಾರ್ಲ್ಸ್‌ಗೆ ಡಕೋಟಾದಲ್ಲಿ ರೈಲ್ವೆ ಕೆಲಸ ಸಿಕ್ಕಿ ಮತ್ತೆ ಪ್ರಯಾಣ. ಡಿ ಸ್ಮೆಟ್ ಸೇರಿದ ಮೇಲೂ ಆತನಿಗೆ ಇನ್ನೂ ಪಡುವಣಕ್ಕೆ ಹೋಗುವ ಆಸೆ. ಈ ಸಲ ಮಾತ್ರ ಕ್ಯಾರೊಲಿನ್ ಬಗ್ಗಲಿಲ್ಲ. ಮಕ್ಕಳಿಗೆ ಶಾಲೆ ಬೇಕು, ಇನ್ನು ಸಾಕು. ಆ ಮೇಲೆ ಗಾಡಿ ಕಟ್ಟಲಿಲ್ಲ.

ಮೇರಿಯನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಆ ಭೀಕರ ಚಳಿಗಾಲ ಕಳೆದ ವರ್ಷವೇ, 1881ರಲ್ಲಿ, ಅಯೋವಾದ ವಿಂಟನ್ನಿನ ಅಂಧರ ಕಾಲೇಜಿಗೆ ಕಳಿಸಿದರು. ಕಲಿಸುವ ಖರ್ಚು ಸರ್ಕಾರದ್ದು. ಬಟ್ಟೆಬರೆ, ಓಡಾಟ ಮನೆಯದು. ಲಾರಾ ಹದಿನಾರರಲ್ಲೇ ಹಿಮದಲ್ಲಿ ದೂರದ ಶಾಲೆಗೆ ಪಾಠ ಹೇಳಲು ಹೋದದ್ದು ಇದಕ್ಕೂ ಸೇರಿಯೇ. ಮೇರಿ 1889ರಲ್ಲಿ ಓದು ಮುಗಿಸಿ, ಹೊಲಿಗೆ, ಮಣಿಕೆಲಸ, ಸಂಗೀತ ಕಲಿತು ಬಂದಳು. ಕುದುರೆಗೆ ಹೊದಿಸುವ ನೊಣದ ಬಲೆ ಹೆಣೆದು ಮಾರಿ ನಾಲ್ಕು ಕಾಸು ದುಡಿದಳು.

ಇಷ್ಟೆಲ್ಲದರ ನಡುವೆ ಆಕೆಯ ಅಡಿಗೆಮನೆ ಹೇಗಿತ್ತು ಅನ್ನುತ್ತೀರಾ? ಸೋಮವಾರ ಬಟ್ಟೆ ಒಗೆತ, ಗುರುವಾರ ಬೆಣ್ಣೆ ಕಡೆಯುವುದು, ಶನಿವಾರ ಬ್ರೆಡ್ಡು, ಹೀಗೆ ವಾರಕ್ಕೊಂದು ಕಟ್ಟು. ಚಳಿಗಾಲದಲ್ಲಿ ಹಸು ಒಣಹುಲ್ಲು ತಿಂದು ಬೆಣ್ಣೆ ಬೆಳ್ಳಗಾದರೆ, ಕ್ಯಾರೆಟ್ ತುರಿದು ಹಾಲಿನಲ್ಲಿ ಕಾಯಿಸಿ, ಬಟ್ಟೆಯಲ್ಲಿ ಹಿಂಡಿ, ಆ ಹಾಲನ್ನು ಕೆನೆಗೆ ಬೆರೆಸಿ ಬಣ್ಣ ಬರಿಸುತ್ತಿದ್ದಳು. ಹಿಂಡಿದ ತುರಿ ಮಕ್ಕಳ ಪಾಲು. ಸೇಬು ಸಿಗದ ಊರಿನಲ್ಲಿ ಹಿಮಕ್ಕೆ ಸಿಕ್ಕ ಎಳೆ ಕುಂಬಳಕಾಯನ್ನು ತೆಳ್ಳಗೆ ಹೆಚ್ಚಿ, ಕಂದು ಸಕ್ಕರೆ, ಮಸಾಲೆಪುಡಿ, ಸ್ವಲ್ಪ ವಿನಿಗರ್ ಹಾಕಿ, ಹಿಟ್ಟಿನ ಹಾಳೆಯೊಳಗಿಟ್ಟು ಬೇಯಿಸಿದಳು. ತಿಂದ ಗಂಡ ಸೇಬಿನದೇ ಎಂದು ನಂಬಿದ. ಹರಿದ ಬಟ್ಟೆಯ ಚೂರುಗಳು ಕೌದಿಯಾಗುತ್ತಿದ್ದವು, ನಮ್ಮ ಧಾರವಾಡದ ಕಡೆಯ ಹಾಗೆಯೇ.

ಚಾರ್ಲ್ಸ್ 1902ರಲ್ಲಿ ತೀರಿಕೊಂಡ. ಆ ಮೇಲೆ ಇಪ್ಪತ್ತೆರಡು ವರ್ಷ ಡಿ ಸ್ಮೆಟ್‌ನ ಮನೆಯಲ್ಲಿ ತಾಯಿ ಮತ್ತು ಮೇರಿ. 1924ರ ಏಪ್ರಿಲ್ 20ರಂದು, 84ನೆಯ ವಯಸ್ಸಿನಲ್ಲಿ ಕ್ಯಾರೊಲಿನ್ ಕಣ್ಣು ಮುಚ್ಚಿದಳು. ಲಾರಾ ಮಿಸೂರಿಯಲ್ಲಿ ಗಂಡನೊಡನೆ ಹೊಲಮನೆ ನೋಡಿಕೊಳ್ಳುತ್ತಿದ್ದಳು. ಅಪ್ಪನ ಸಾವಿಗೆ ಹೋಗಿ ಬಂದ ಮೇಲೆ ಅಮ್ಮನನ್ನು ನೋಡಿರಲಿಲ್ಲ. ಆಕೆಯ ಮೊದಲ ಪುಸ್ತಕ ಬಂದದ್ದು 1932ರಲ್ಲಿ, ಆಗ ಲಾರಾಳಿಗೇ 65. ಅಮ್ಮ ಒಂದನ್ನೂ ಓದಲಿಲ್ಲ.

ಅಮ್ಮ ಹೋದ ಮರುವರ್ಷ, 1925ರ ಜೂನ್‌ನಲ್ಲಿ, ಲಾರಾ ತನ್ನ ತಾಯಿಯ ಅಕ್ಕ ಮಾರ್ಥಾಳಿಗೆ ಒಂದು ಕಾಗದ ಬರೆದಳು. ಹೆಂಗಸರ ಪತ್ರಿಕೆಯೊಂದಕ್ಕೆ ಅಜ್ಜಿಯರ ಕಾಲದ ಅಡಿಗೆಯ ಬಗ್ಗೆ ಬರೆಯಬೇಕೆಂದಿದ್ದಳು. ಅಮ್ಮ ಮೊಟ್ಟೆ ಹಾಕಿ, ಕಾದ ಕೊಬ್ಬಿನಲ್ಲಿ ಕರಿದು, ಉಬ್ಬಿಸಿ ಮಾಡುತ್ತಿದ್ದ ಒಂದು ತಿಂಡಿಯಿತ್ತು. ಮೇಲೆ ಗರಿಗರಿ, ಒಳಗೆ ಬರೀ ಪೊಳ್ಳು. ಅದನ್ನು ಹೇಗೆ ಮಾಡೋದು, ದೊಡ್ಡಮ್ಮಾ, ನಿಮಗೆ ಗೊತ್ತೇ ಎಂದು ಆ ಕಾಗದದಲ್ಲಿ ಕೇಳಿದ್ದಳು.