ಗಂಟು ಕಾಣುವ ಬಲೆ

ನಮ್ಮ ಮಾವಳ್ಳಿಯ ಕಡಲದಂಡೆಯಲ್ಲಿ ಬಿಡುವಿನ ಹೊತ್ತು ಹರಿದ ಬಲೆಯನ್ನು ಸರಿಪಡಿಸುತ್ತ ಕುಳಿತವರನ್ನು ವಾಚಕರು ನೋಡಿಯೇ ಇರುತ್ತಾರೆ. "ಬಲೆಯನ್ನು ಬಳಸಬಹುದು, ಗಂಟು ಬಿಚ್ಚಿ ನೋಡಕೂಡದು, ಹರಿದರೆ ನಾವು ಬರುವವರೆಗೆ ಕಾಯತಕ್ಕದ್ದು" ಎಂಬ ಕರಾರಿನ ಮೇಲೆ ಅವರಿಗೆ ಬಲೆ ಮಾರಹೋದರೆ ಏನಾದೀತು? ಆದರೆ ಓದುಬರಹ ಬಲ್ಲ ನಾವು ಗಣಕಯಂತ್ರದ ವಿಷಯದಲ್ಲಿ ಅಂಥದೇ ಕರಾರನ್ನು ಓದದೆಯೇ ಒಪ್ಪಿಬಿಟ್ಟಿದ್ದೇವೆ.

ಯಂತ್ರದ ಅಂಗಗಳಿಗೂ ನಮ್ಮ ಕೆಲಸಕ್ಕೂ ನಡುವೆ ನಿಂತು ಎಲ್ಲವನ್ನೂ ನಡೆಸುವ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅದನ್ನು ಮೊದಲು ಮನುಷ್ಯರು ಓದಬಲ್ಲ ಸೂಚನೆಗಳ ರೂಪದಲ್ಲಿ ಬರೆಯುತ್ತಾರೆ, ಅದೇ ಆಕರ. ವಿಂಡೋಸಿನ ಆಕರವನ್ನು ಮೈಕ್ರೋಸಾಫ್ಟ್ ಕಂಪೆನಿ ಸಾರ್ವಜನಿಕರಿಗೆ ಬಿಟ್ಟುಕೊಡುವುದಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ಕೆಟ್ಟಿರದ ಎಷ್ಟೋ ಯಂತ್ರಗಳು ವಿಂಡೋಸ್ 11ಕ್ಕೆ ಅನರ್ಹವೆನಿಸಿದವು.

ಇನ್ನೊಂದು ದಾರಿಯನ್ನು 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ 'ಗ್ನೂ' ಯೋಜನೆಯನ್ನು ಸಾರಿ ತೋರಿಸಿದರು. 1991ರಲ್ಲಿ ಹೆಲ್ಸಿಂಕಿಯ ಲೀನಸ್ ಟೊರ್ವಾಲ್ಡ್ಸ್, ನಮ್ಮಂತೆಯೇ ವಿದ್ಯಾರ್ಥಿ, ವ್ಯವಸ್ಥೆಯ ತಿರುಳಾದ ಲಿನಕ್ಸನ್ನು ಬರೆದು ಹಂಚಿದರು. ಮರುವರ್ಷ ಅದು ಗ್ನೂ ಸಾರ್ವಜನಿಕ ಪರವಾನಗಿಗೆ ಒಳಪಟ್ಟಿತು: ಯಾರೂ ಬಳಸಬಹುದು, ಓದಬಹುದು, ತಿದ್ದಬಹುದು; ತಿದ್ದಿದ್ದನ್ನು ಹಂಚುವವರು ಆಕರವನ್ನೂ ಕೊಡಬೇಕು. ಮುಕ್ತವೆಂದರೆ ಬಿಟ್ಟಿಯೆಂದಲ್ಲ. (ಬಿಟ್ಟಿ ಸಿಕ್ಕರೆ ಬೇಡವೆನ್ನುವವನು ನಾನೂ ಅಲ್ಲ!) ನೆರೆಯ ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆ ಬೇಕಾದಂತೆ ಲಿನಕ್ಸನ್ನು ಹೊಂದಿಸಿ ಹಂಚುತ್ತದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ.

ಇದರಿಂದ ಕನ್ನಡಕ್ಕೇನು? ಈ ಪ್ರಶ್ನೆ ನನಗೆ ಮನೆಯಲ್ಲಿಯೇ ಎದುರಾಯಿತು. ಅಜ್ಜನ ಕೈಬರಹದ ಯಕ್ಷಗಾನದ ಪದ್ಯಗಳನ್ನು ನನ್ನ ಸೋದರಮಾವ ಬಹಳ ಹಿಂದೆ ಗಣಕದಲ್ಲಿ ಬೆರಳಚ್ಚಿಸಿಟ್ಟಿದ್ದರು. ಪುಸ್ತಕವನ್ನು ಗೆದ್ದಲು ತಿಂದಿತು, ಉಳಿದದ್ದು ಕಡತವೊಂದೇ. ತೆರೆದರೆ ಪದ್ಯದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ! ಆ ಕಾಲದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಅದೇ ಅಕ್ಷರವಿನ್ಯಾಸ ಇಲ್ಲದಿದ್ದರೆ ಕನ್ನಡ ಕಾಣದು. ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳನ್ನು ಕೊಟ್ಟಿತ್ತಾದರೂ ನಮ್ಮ ರೂಢಿ ಬದಲಾಗಲು ಬಹುಕಾಲ ಹಿಡಿಯಿತು.

ಇಂಥ ಕಡತಕ್ಕಾಗಿ ದೊಡ್ಡ ಕಂಪೆನಿಯೊಂದು ತಲೆಕೆಡಿಸಿಕೊಳ್ಳಲಿ ಎನ್ನುವುದು ದುರಾಸೆ. ಕನ್ನಡದ ಉತ್ಸಾಹಿಗಳೇ ಮುಕ್ತ ಪರಿವರ್ತಕಗಳನ್ನು ಬರೆದು ಆಕರಸಹಿತ ಹಂಚಿದ್ದಾರೆ; ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರವಿನ್ಯಾಸಗಳು ಲಿನಕ್ಸ್ ಆಧಾರಿತ ಡೆಬಿಯನ್ ವ್ಯವಸ್ಥೆಯ ಭಂಡಾರದಲ್ಲಿವೆ. ಮನೆಯ ಹಳೆಯ ಯಂತ್ರಕ್ಕೆ ಡೆಬಿಯನ್ ಹಾಕಿದೆ. ಪ್ರಿಂಟರು ಎರಡು ದಿನ ಹಟ ಹಿಡಿಯಿತು, ಮುಚ್ಚಿಡುವುದಿಲ್ಲ. ಪರಿವರ್ತಕದಿಂದ ಪದ್ಯಗಳು ಹೊರಬಂದವು. ಆದರೆ ಅರ್ಕಾವೊತ್ತು ಇದ್ದೆಡೆಯೆಲ್ಲ ಎಡವಟ್ಟು. ಹಳೆಯ ಪದ್ಧತಿಯಲ್ಲಿ 'ಸೂರ್ಯ' ಎಂಬಲ್ಲಿನ ಅರ್ಕಾವೊತ್ತಿನ ಚಿಹ್ನೆ ಯಕಾರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ರಕಾರವೇ ಮೊದಲು. ಆಕರ ಕಣ್ಣೆದುರಿಗೇ ಇದ್ದುದರಿಂದ ಆ ನಿಯಮದ ಸಾಲನ್ನು ಹುಡುಕಿ, ಮಿತ್ರನೊಬ್ಬನ ನೆರವಿನಿಂದ ತಿದ್ದಿದೆ.

ಆ ರಾತ್ರಿ ಮಾವ ಪರದೆಯ ಮುಂದೆ ಕುಳಿತು ಮೊದಲ ಪದ್ಯವನ್ನು ಮೆಲ್ಲನೆ ಹಾಡಿಕೊಂಡರು. ಮೂರನೆಯದರಲ್ಲಿ ತಾವೇ ಮಾಡಿದ್ದ ಬೆರಳಚ್ಚಿನ ತಪ್ಪೊಂದನ್ನು ತೋರಿಸಿ, "ಇದನ್ನೂ ತಿದ್ದು" ಎಂದರು.