ಗಜೇಂದ್ರಗಡದ ಗುಡ್ಡದಲ್ಲಿ ಕಡಲಂಚಿನ ಕಲ್ಲು

ಗಜೇಂದ್ರಗಡದ ಗುಡ್ಡ ಹತ್ತಲು ಹಸ್ತ ಮತ್ತು ಚಿತ್ತ ಮಳೆಗಳ ನಡುವಿನ ಬಿಡುವೇ ತಕ್ಕ ಕಾಲ. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಇಲ್ಲಿನ ಬಂಡೆಗಳ ಮೇಲೆ ಬರಿಗಾಲಿಡಲಾಗದು. ಮುಂಗಾರು ಹಿಡಿದಾಗ ಪಾವಟಿಗೆಗಳು ಜಾರುತ್ತವೆ. ದಸರೆಯಿಂದ ದೀಪಾವಳಿಯವರೆಗೆ ಮಾತ್ರ ಗುಡ್ಡ ನಡೆಯುವವರ ಕೈಗೆ ಸಿಗುತ್ತದೆ. ಆಗ ಹುಲ್ಲು ಇನ್ನೂ ಒಣಗಿರುವುದಿಲ್ಲ, ತಂಗಡಿ ಗಿಡದಲ್ಲಿ ಹಳದಿ ಹೂವಿರುತ್ತದೆ, ಸೀತಾಫಲದ ಕಾಯಿಗಳು ಕಣ್ಣು ಬಿಟ್ಟಿರುತ್ತವೆ.

ನಡೆಯಲು ಹೊರಟವರು ಸಾಮಾನ್ಯವಾಗಿ ಕಾರವಾರ, ಗೋಕರ್ಣದ ದಂಡೆಯನ್ನು ನೆನೆಯುತ್ತಾರೆ. ರೋಣ, ನರಗುಂದದ ಎರೆ ಬಯಲಿನ ನಮಗೆ ಕಡಲು ದೂರ. ಆದರೆ ಈ ಕೆಂಪು ಗುಡ್ಡವೇ ಒಂದು ಕಾಲಕ್ಕೆ ನೀರಿನಂಚಿನ ಮರಳಾಗಿತ್ತು ಎಂಬುದನ್ನು ನಮ್ಮ ಶಾಲೆಗಳಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ಬಾದಾಮಿಯಲ್ಲಿ ಚಾಲುಕ್ಯರು ಗುಹೆ ಕೊರೆದ ಮರಳುಗಲ್ಲಿನ ಬಳಗದ್ದೇ ಈ ಕಲ್ಲು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ಪ್ರಕಟಿಸಿದ ವರದಿಯಿಂದ ಈ ಪದರಗಳಿಗೆ ಬಾಗಲಕೋಟೆ ಬಳಿಯ ಕಲಾದಗಿಯ ಹೆಸರು ನಿಂತಿತು. ಈ ಪದರಗಳು ಕೂತ ತಗ್ಗು ನೂರು ಕೋಟಿ ವರ್ಷಗಳಿಗೂ ಹಿಂದೆ ತುಂಬತೊಡಗಿತು. ನದಿಗಳು ಮರಳು ತಂದು ಸುರಿದವು, ಆಳವಿಲ್ಲದ ಕಡಲು ಅದನ್ನು ಹಾಸಿತು. ಆಗ ನೆಲದ ಮೇಲೆ ಗಿಡವಿರಲಿಲ್ಲ, ಪ್ರಾಣಿಯಿರಲಿಲ್ಲ.

ಇಲ್ಲಿ ನೀರಿತ್ತು ಎಂಬುದಕ್ಕೆ ಸಾಕ್ಷಿ ಕಾಲಡಿಯಲ್ಲೇ ಇದೆ. ಈ ಮರಳುಗಲ್ಲಿನ ಹಾಸುಗಳ ಮೇಲೆ ಬೆರಳಗಲದ ಏಣುಗಳು ಸಾಲಾಗಿ ಎದ್ದಿರುವುದುಂಟು. ಇಳಿತದ ಹೊತ್ತಿಗೆ ಕಡಲ ದಂಡೆಯ ಮರಳಿನಲ್ಲಿ ಮೂಡುವ ಗೆರೆಗಳೇ ಇಲ್ಲಿ ಕಲ್ಲಾಗಿವೆ. ಕುಕ್ಕರಗಾಲಲ್ಲಿ ಕೂತು ಒಂದು ಏಣಿನ ಮೇಲೆ ಬೆರಳಾಡಿಸಿ. ಎರಡೂ ಬದಿಯ ಇಳಿಜಾರು ಸಮನಾಗಿದ್ದರೆ ಅದು ಹೋಗಿ ಬಂದ ಅಲೆಯ ಗುರುತು. ಒಂದು ಬದಿ ಮೆಲ್ಲಗೆ ಏರಿ ಇನ್ನೊಂದು ಬದಿ ಕಡಿದಾಗಿ ಬಿದ್ದಿದ್ದರೆ ನೀರು ಒಂದೇ ದಿಕ್ಕಿಗೆ ಹರಿದಿತ್ತು, ಕಡಿದಾದ ಬದಿಯ ಕಡೆಗೆ. ಬೆರಳಿಗೆ ಹತ್ತುವ ಪುಡಿ ಅಂದಿನ ಮರಳೇ. ಇಂಥ ಪಾಠಕ್ಕೆ ಪ್ರಯೋಗಾಲಯ ಬೇಡ, ಮಕ್ಕಳನ್ನು ಕರೆತಂದರೆ ಸಾಕು.

ನೀರಿನ ಕತೆ ಅಲ್ಲಿಗೇ ಮುಗಿಯುವುದಿಲ್ಲ. ಗುಡ್ಡದ ಮಗ್ಗುಲಿಗೆ ಆತುಕೊಂಡಿರುವ ಕಾಲಕಾಲೇಶ್ವರನ ಗುಡಿಯ ಬಳಿ ಅರಳಿ ಮರದ ಬೇರಿನ ಬುಡದಿಂದ ಸಣ್ಣ ಹೊಂಡಕ್ಕೆ ನೀರು ಬೀಳುತ್ತಲೇ ಇರುತ್ತದೆ. ಜನ ಅದನ್ನು ಅಂತರಗಂಗೆ ಎನ್ನುತ್ತಾರೆ, ಕ್ಷೇತ್ರವನ್ನು ದಕ್ಷಿಣ ಕಾಶಿ ಎನ್ನುತ್ತಾರೆ. ಯುಗಾದಿಯ ಹಿಂದಿನ ರಾತ್ರಿ ಸುಣ್ಣ, ಸುರುಮ ಇಟ್ಟು ಬಂದರೆ ಬೆಳಗಾಗುವುದರೊಳಗೆ ಗುಡಿಗೆ ಬಳಿದಿರುತ್ತದೆ ಎಂಬ ನಂಬಿಕೆಯೂ ಇಲ್ಲಿನದೇ. ಬರಗಾಲದ ಸೀಮೆಯಲ್ಲಿ ಬತ್ತದ ಸೆಲೆಯನ್ನು ಜನ ದೇವರ ಪಕ್ಕ ಇಟ್ಟಿದ್ದು ಸರಿಯೇ. ಸೀಳು ಬಿಟ್ಟ ಮರಳುಗಲ್ಲು ಮಳೆನೀರನ್ನು ಒಳಗೆಳೆದುಕೊಳ್ಳುತ್ತದೆ. ಕೆಳಗೆ ನೀರು ಬಿಡದ ಗಟ್ಟಿ ಪದರ ಅಡ್ಡ ಬಂದಾಗ ಅದು ಬಂಡೆಯ ಮಗ್ಗುಲಲ್ಲಿ ಹೊರದಾರಿ ಹುಡುಕುತ್ತದೆ. ಮರಳುಗಲ್ಲಿನ ಗುಡ್ಡಗಳಲ್ಲಿ ಸೆಲೆ ಹುಟ್ಟುವುದು ಸಾಮಾನ್ಯವಾಗಿ ಹೀಗೆ. ಅಂದರೆ ಗುಡ್ಡದ ತಲೆಯ ಮೇಲಿನ ಹುಲ್ಲು, ಕಂಟಿ, ಬಿರುಕು ಎಲ್ಲವೂ ಈ ಹೊಂಡದ ಜಲಾನಯನವೇ. ಮೇಲೆ ಕಲ್ಲು ಕಿತ್ತರೆ, ಪ್ಲಾಸ್ಟಿಕ್ ಬಿಸಾಡಿದರೆ, ಕೆಳಗಿನ ತೀರ್ಥಕ್ಕೆ ಅದು ಮುಟ್ಟದೆ ಇರದು.

ಮೇಲೆ ಹೋದರೆ ಕೋಟೆ. ಇಷ್ಟು ಸಣ್ಣ ಊರಿನ ಹೆಸರು ಒಂದು ದೊಡ್ಡ ಒಪ್ಪಂದಕ್ಕೆ ಅಂಟಿಕೊಂಡಿದೆ. 1785ರಲ್ಲಿ ಟಿಪ್ಪುವಿನ ಸೇನೆ ನರಗುಂದಕ್ಕೆ ಮುತ್ತಿಗೆ ಹಾಕಿ ಗೆದ್ದುಕೊಂಡಿತು. ಅಲ್ಲಿಂದ ಬೆಳೆದ ಮರಾಠಾ–ಮೈಸೂರು ಯುದ್ಧ ಮುಗಿದದ್ದು 1787ರ ಗಜೇಂದ್ರಗಡ ಒಪ್ಪಂದದಲ್ಲಿ. ಬಾದಾಮಿ, ನರಗುಂದ, ಕಿತ್ತೂರು ಮರಾಠರ ಕಡೆಗೆ ಹೋದವು. ನರಗುಂದದಲ್ಲಿ ಹತ್ತಿದ ಕಿಡಿ ಈ ಗುಡ್ಡದ ಹೆಸರಲ್ಲಿ ಆರಿತು ಎನ್ನಬೇಕು. ಅದೇ ನರಗುಂದದ ಅರಸ ಬಾಬಾಸಾಹೇಬ ಭಾವೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ. ರಾಜಕೀಯ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಕೆಲವೇ ದಿನಗಳಲ್ಲಿ ನರಗುಂದ ಬಿತ್ತು, ಜೂನ್ ತಿಂಗಳಲ್ಲೇ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಆ ಊರಿನ ನೆಲ ಆಮೇಲೂ ಸುಮ್ಮನಿರಲಿಲ್ಲ. 1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಮಹದಾಯಿ ನದಿಯ ನೀರಿಗಾಗಿ ಜನ ಮತ್ತೆ ಅಲ್ಲೇ ಧರಣಿ ಕೂತರು. ಗುಡ್ಡದ ಮೇಲೆ ನಿಂತು ಈ ಬಯಲನ್ನು ನೋಡುವಾಗ ಕೋಟೆ, ಕಾಲುವೆ, ಸೆಲೆ ಇವನ್ನು ಬೇರೆ ಬೇರೆಯಾಗಿ ನೋಡಲು ನನಗೆ ಆಗುವುದಿಲ್ಲ.

ದಸರೆ–ದೀಪಾವಳಿಯ ನಡುವಿನ ದಿನಗಳಲ್ಲಿ ಬಯಲು ಕೈತುಂಬ ಕೆಲಸದಲ್ಲಿರುತ್ತದೆ. ಹೆಸರು ಕಿತ್ತಾಗಿದೆ, ಉಳ್ಳಾಗಡ್ಡಿ ಹರಗುತ್ತಿದ್ದಾರೆ, ಹದ ನೋಡಿ ಹಿಂಗಾರಿ ಜೋಳ, ಕಡಲೆ, ಕುಸುಬಿ ಬಿತ್ತುವ ಕೂರಿಗೆ ಹೊರಟಿದೆ. ಸೀಗಿ ಹುಣ್ಣಿಮೆಯ ದಿನ ಬಂದರಂತೂ ಹೊಲದಲ್ಲಿ ಚರಗ ಚೆಲ್ಲುವ ಕುಟುಂಬಗಳು, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯದ ಬುತ್ತಿ. ದಾರಿಹೋಕರನ್ನು ಊಟಕ್ಕೆ ಕರೆಯದೆ ಬಿಡುವವರಲ್ಲ. ದೂರದಲ್ಲಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಅವು ಬಂದು ಗುಡ್ಡದ ನೆತ್ತಿಯ ಚಹರೆ ಬದಲಾಗಿದೆ.

ಮಧ್ಯಾಹ್ನ ಇಳಿದ ಮೇಲೆ ಹೊತ್ತಿದ್ದರೆ ಸೂಡಿಗೆ ಹೋಗಿ. ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ ಹನ್ನೊಂದನೇ ಶತಮಾನದಲ್ಲಿ ಆಳಿದ ಕಿಸುಕಾಡು ನಾಡಿನ ಊರದು, ಟಂಕಸಾಲೆಯೂ ಇತ್ತು. ಅಲ್ಲಿನ ಜೋಡುಕಳಸದ ಗುಡಿಗಿಂತ ನನಗೆ ಹೆಚ್ಚು ಹಿಡಿಸುವುದು ನಾಗಕುಂಡವೆಂಬ ಬಾವಿ. ನೀರಿಗಿಳಿಯುವ ಗೋಡೆಗಳಲ್ಲಿ ಪುಟ್ಟ ಗುಡಿಗಳ ಕೆತ್ತನೆಯಿದೆ. ಬಾವಿಯನ್ನು ಗುಡಿಯಷ್ಟೇ ಶ್ರದ್ಧೆಯಿಂದ ಕಟ್ಟಿದವರು ಈ ನಾಡಿನ ನೀರಿನ ಬೆಲೆ ಬಲ್ಲವರು.

ಹೊರದೇಶಗಳ ಉದ್ಯಾನಗಳಲ್ಲಿ ಬಾಗಿಲಲ್ಲೇ ಕಾಲುದಾರಿಯ ನಕಾಶೆ ಸಿಗುತ್ತದೆ, ಯಾವ ಕಲ್ಲಿನ ಮುಂದೆ ನಿಲ್ಲಬೇಕೆಂದು ಫಲಕ ಹೇಳುತ್ತದೆ. ಗಜೇಂದ್ರಗಡಕ್ಕೂ ಅಷ್ಟು ಸಲ್ಲಬೇಕು. ಗುಡಿಯ ಪಾವಟಿಗೆಯಿಂದ ಕೋಟೆಯವರೆಗೆ ಗುರುತು ಹಾಕಿದ ಒಂದು ದಾರಿ, ಅಲೆಗೆರೆಯ ಹಾಸಿನ ಬಳಿ ಕನ್ನಡದಲ್ಲೊಂದು ಫಲಕ, ಸೆಲೆಯ ಮೇಲ್ಭಾಗದಲ್ಲಿ ಕಲ್ಲು ಕೀಳದಂತೆ ಕಾವಲು. ಅಲ್ಲಿಯವರೆಗೆ ಬರುವವರು ಬುತ್ತಿ, ನೀರು ಕಟ್ಟಿಕೊಂಡೇ ಬನ್ನಿ. ಬಿಸಿಲೇರುವ ಮುಂಚೆ ಹತ್ತಲು ಶುರುಮಾಡಿ, ಮೇಲೆ ನೆರಳು ಕಡಿಮೆ.