ಪಿನ್ ಎಳೆದ್ರೆ ಅಲಾರಂ ಕೂಗುತ್ತೆ, ಕೇಳಿ ಅಂಗಡಿಯಿಂದ ಹೊರಗೆ ಬರೋರು ಯಾರು?

ತಿಪಟೂರು: ಕೀ ಬಂಚಿಗೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕ ಡಬ್ಬಿ, ಅದಕ್ಕೊಂದು ಪಿನ್. ಎಳೆದರೆ ಕಿವಿ ಮುಚ್ಚಿಕೊಳ್ಳುವಂಥ ಸೈರನ್. ‘ಪರ್ಸನಲ್ ಅಲಾರಂ’ ಅನ್ನುವ ಈ ಸಾಧನ ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಂಜೆ ಟ್ರೈನ್ ಇಳಿದು ಮನೆ ಕಡೆ ನಡೆಯುವ ಕಾಲೇಜು ಹುಡುಗಿಯರು, ದಿನದ ವ್ಯಾಪಾರದ ದುಡ್ಡು ಹಿಡಿದು ರಾತ್ರಿ ಶಟರ್ ಎಳೆಯುವವರು, ಬೆಳಗಿನ ಜಾವ ಒಬ್ಬರೇ ವಾಕಿಂಗ್ ಹೋಗುವ ಹಿರಿಯರು, ಹೀಗೆ ಹಲವರಿಗೆ ಇದು ಉಪಯೋಗಕ್ಕೆ ಬರಬಹುದು. ಆದರೆ ತಗೊಂಡು ಬ್ಯಾಗಿಗೆ ಹಾಕ್ಕೊಂಡ್ರೆ ಕೆಲಸ ಮುಗೀತು ಅಂದ್ಕೊಳ್ಳೋ ಹಾಗಿಲ್ಲ. ಅದು ಮಾಡೋದು ಸದ್ದು ಮಾತ್ರ. ಸದ್ದು ಕೇಳಿ ಯಾರಾದರೂ ಹೊರಗೆ ಬಂದರಷ್ಟೇ ಉಳಿದ ಅರ್ಧ ಕೆಲಸ ಆಗೋದು. ತಾಲ್ಲೂಕು ಪೇಟೆಗಳಲ್ಲಿ ಹಾಗೆ ಬರಬೇಕಾದವರು ಹೆಚ್ಚಾಗಿ ಅಂಗಡಿಯವರೇ.

ಡಬ್ಬಿ ಒಳಗೆ ಏನಿದೆ?

ಒಳಗಿರೋದು ಸಣ್ಣ ಬ್ಯಾಟರಿ, ಒಂದು ಸರ್ಕ್ಯೂಟ್, ಒಂದು ಬಜರ್. ಪಿನ್ ಒಳಗಿರುವ ತನಕ ಕರೆಂಟ್ ಹರಿಯಲ್ಲ. ಎಳೆದ ಕೂಡಲೇ ಕೂಗಲು ಶುರು, ಪಿನ್ ವಾಪಸ್ ಸಿಕ್ಕಿಸುವವರೆಗೂ ನಿಲ್ಲಲ್ಲ. ಇದರ ದೊಡ್ಡ ಅನುಕೂಲ ಇದೇ. ಪಿನ್ ನಿಮ್ಮ ಹತ್ತಿರ ಉಳಿದು ಡಬ್ಬಿಯನ್ನ ದೂರ ಎಸೆದುಬಿಟ್ಟರೆ, ಎದುರಿಗಿರುವವನು ಅದನ್ನು ನಿಲ್ಲಿಸುವುದು ಕಷ್ಟ. ಬರೀ ಬಟನ್ ಒತ್ತುವ ಮಾಡೆಲ್‌ಗಳೂ ಇವೆ. ಅವುಗಳಲ್ಲಿ ಕೂಗಿಸಿದ ಬಟನ್ನೇ ಒತ್ತಿ ನಿಲ್ಲಿಸಲೂಬಹುದು. ಹಾಗಾಗಿ ತಗೊಳ್ಳೋದಾದ್ರೆ ಪಿನ್ ಇರೋದನ್ನೇ ತಗೊಳ್ಳೋದು ಒಳ್ಳೇದು.

ಪ್ಯಾಕೆಟ್ ಮೇಲೆ 120, 130, 140 ಡೆಸಿಬಲ್ ಅಂತ ಬರೆದಿರುತ್ತಾರೆ. ಎಷ್ಟು ದೂರದಲ್ಲಿ ಅಳೆದದ್ದು ಅನ್ನೋದು ಪಕ್ಕದಲ್ಲಿ ಇಲ್ಲದಿದ್ದರೆ ಆ ಸಂಖ್ಯೆ ನಂಬಿ ಲಾಭವಿಲ್ಲ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 1 ಮೀಟರ್ ದೂರದಲ್ಲಿ 120 ಇದ್ದದ್ದು 10 ಮೀಟರಿಗೆ 100, 100 ಮೀಟರಿಗೆ 80 ಆಗುತ್ತದೆ. 80 ಅಂದರೆ ಚೆನ್ನಾಗೇ ಕೇಳಿಸುತ್ತೆ. ಅದೇ 120ನ್ನು 10 ಸೆಂಟಿಮೀಟರ್ ದೂರದಲ್ಲಿ ಅಳೆದಿದ್ದರೆ, 100 ಮೀಟರ್ ಆಚೆ ಉಳಿಯೋದು 60 ಮಾತ್ರ. ಇಬ್ಬರು ಎದುರುಬದುರು ಕೂತು ಮಾತಾಡಿದಷ್ಟು. ಲಾರಿ, ಬಸ್ಸು ಓಡಾಡುವ ಬಿ.ಎಚ್. ರಸ್ತೆ ಪಕ್ಕ ಅದು ಲೆಕ್ಕಕ್ಕೇ ಬರಲ್ಲ. ನಡುವೆ ಗೋಡೆ, ಇಳಿಸಿದ ಶಟರ್, ಒಳಗೆ ಟಿ.ವಿ. ಇದ್ದರೆ ಇನ್ನೂ ಕಡಿಮೆ.

ಸ್ವರದ ವಿಷಯವೂ ಒಂದಿದೆ. ಇಂಥ ಬಜರ್‌ಗಳದ್ದು ಕೀರಲು ಧ್ವನಿ, ಮನುಷ್ಯರ ಕಿವಿಗೆ ಬೇಗ ಚುಚ್ಚುತ್ತೆ. ಆದರೆ ವಯಸ್ಸಾದಂತೆ ಮೊದಲು ಮಂದವಾಗೋದೂ ಕೀರಲು ಧ್ವನಿಗಳೇ. ಪಕ್ಕದ ಮನೆ ಅಜ್ಜನಿಗೆ ಕೇಳಿಸೇ ಕೇಳಿಸುತ್ತೆ ಅಂತ ನಂಬಿ ಕೂರುವಂತಿಲ್ಲ.

ಎಲ್ಲಿ ಕೆಲಸ ಮಾಡುತ್ತೆ, ಎಲ್ಲಿ ಮಾಡಲ್ಲ

ಹಿಂದೆ ಬರುವವನು, ಮೈಮೇಲೆ ಬೀಳುವವನು, ಬ್ಯಾಗಿಗೆ ಕೈ ಹಾಕುವವನು, ಇವರಿಗೆಲ್ಲ ಬೇಕಾದ್ದು ಯಾರೂ ತಿರುಗಿ ನೋಡಬಾರದು ಅನ್ನೋದು. ಏಕಾಏಕಿ ಕಿವಿ ಹತ್ತಿರ ಸೈರನ್ ಹೊಡೆದರೆ ಅವನು ಒಂದೆರಡು ಸೆಕೆಂಡ್ ತಬ್ಬಿಬ್ಬಾಗಬಹುದು. ಆ ಎರಡು ಸೆಕೆಂಡ್ ಓಡೋದಕ್ಕೆ, ನಿಂತು ನೋಡೋದಕ್ಕಲ್ಲ. ಓಡಬೇಕಾದ್ದು ಬೆಳಕಿರುವ ಕಡೆಗೆ, ತೆರೆದ ಅಂಗಡಿ ಕಡೆಗೆ. ಭಯಕ್ಕೆ ಗಂಟಲು ಕಟ್ಟಿ ಕೂಗೋಕೇ ಆಗದೇ ಇರೋದು ಎಷ್ಟೋ ಜನರಿಗೆ ಆಗುವ ವಿಷಯ. ಅಂಥ ಹೊತ್ತಲ್ಲಿ ಬೆರಳಿಗೆ ಸಿಕ್ಕ ಪಿನ್ ಎಳೆಯೋದು ಸುಲಭ.

ಸರಗಳ್ಳತನಕ್ಕೆ ಮಾತ್ರ ಇದನ್ನು ನೆಚ್ಚಿಕೊಳ್ಳಬೇಡಿ. ಬೈಕಿನಲ್ಲಿ ಬಂದವರು ಸರ ಕಿತ್ತು ಹೋಗೋಕೆ ಬೇಕಾಗೋದು ಕೆಲವೇ ಕ್ಷಣ, ಕೈ ಪಿನ್ ಹುಡುಕೋದ್ರೊಳಗೆ ಅವರು ತಿರುವು ದಾಟಿರುತ್ತಾರೆ. ಜಾತ್ರೆ, ಗಣಪತಿ ಮೆರವಣಿಗೆಯ ಡಿಜೆ ನಡುವೆಯೂ ಇದರ ಸದ್ದು ಯಾರಿಗೂ ಗೊತ್ತಾಗಲ್ಲ. ಮೈಲಿಗಟ್ಟಲೆ ತೆಂಗಿನ ತೋಟದ ನಡುವಿನ ದಾರಿಯಲ್ಲಿ, ತೋಟದ ಮನೆಯಲ್ಲಿ ಕೂಗಿಸಿದರೆ ಕೇಳೋಕೆ ಜನವೇ ಇರಲ್ಲ. ಅಂಥ ದಾರಿಯಲ್ಲಿ ಹೋಗುವವರು ‘ಇಷ್ಟು ಹೊತ್ತಿಗೆ ಹೊರಟೆ, ಇಷ್ಟು ಹೊತ್ತಿಗೆ ಬರ್ತೀನಿ’ ಅಂತ ಮನೆಗೆ ಒಂದು ಫೋನ್ ಮಾಡಿರೋದೇ ಹೆಚ್ಚು ಉಪಯೋಗ. ಕೊಬ್ಬರಿ ಹರಾಜಿನ ದಿನ ದುಡ್ಡು ಹಿಡಿದು ಊರಿಗೆ ಹೋಗುವ ರೈತರಿಗೂ ಇದೇ ಮಾತು. ಜೊತೆಗೊಬ್ಬರು ಇರಲಿ, ದೊಡ್ಡ ಮೊತ್ತವಾದರೆ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಲಿ.

ಬ್ಯಾಗಿನ ಒಳಗೆ ಹಾಕಿದರೆ ಇಲ್ಲದ ಹಾಗೇ. ಟಿಫನ್ ಬಾಕ್ಸ್, ಪುಸ್ತಕ, ನೀರಿನ ಬಾಟಲಿ ಅಡಿಯಲ್ಲಿ ಹುಡುಕೋಕೆ ಕಳ್ಳ ಟೈಮ್ ಕೊಡಲ್ಲ. ಬ್ಯಾಗಿನ ಪಟ್ಟಿಗೆ, ಎದೆ ಎತ್ತರದಲ್ಲಿ, ಎರಡೂ ಕೈಗೆ ಸಿಗುವ ಹಾಗೆ ಸಿಕ್ಕಿಸಿ. ಪಿನ್ನಿನ ದಾರ ಪಟ್ಟಿಗೆ ಕಟ್ಟಿದ್ದರೆ ಡಬ್ಬಿ ಹಿಡಿದು ಎಳೆದು ಎಸೆಯೋದೊಂದೇ ಕೆಲಸ. ರಶ್ ಬಸ್ಸಿನಲ್ಲಿ ಪಿನ್ ಯಾರದ್ದಾದರೂ ಬ್ಯಾಗಿಗೆ ಸಿಕ್ಕಿ ಕೂಗಿಬಿಡೋದೂ ಉಂಟು. ಆಗ ಗಾಬರಿ ಬೇಡ, ಪಿನ್ ವಾಪಸ್ ಹಾಕಿದರೆ ಆಯ್ತು. ತಂದ ದಿನವೇ ಮನೆಯವರ ಮುಂದೆ ಒಂದು ಸಲ ಎಳೆದು ನೋಡಿ. ಕಿವಿ ಹತ್ತಿರ ಮಾತ್ರ ಬೇಡ, ಕೈ ಚಾಚಿ ಹಿಡಿಯಿರಿ, ದಪ್ಪ ಟವೆಲ್ಲಿನಲ್ಲಿ ಸುತ್ತಿದರೆ ಇನ್ನೂ ಒಳ್ಳೇದು.

ತಿಂಗಳಿಗೊಮ್ಮೆ ಅರೆಕ್ಷಣ ಕೂಗಿಸಿ ಬ್ಯಾಟರಿ ನೋಡಿಕೊಳ್ಳಬೇಕು. ಕೆಲವಕ್ಕೆ ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುವ ಬಟನ್ ಸೆಲ್ ಸಾಕು, ಕೆಲವು ಮೊಬೈಲ್ ಥರ ಚಾರ್ಜ್ ಆಗುತ್ತವೆ. ಬಿಚ್ಚಿದ ಬಟನ್ ಸೆಲ್ ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಅನ್ನನಾಳ ಎರಡೇ ಗಂಟೆಯಲ್ಲಿ ಸುಡುವ ಅಪಾಯವಿದೆ. ನುಂಗಿದ್ದಾರೆ ಅನ್ನೋ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಫೋನಿನಲ್ಲೇ ಇರುವ ಬಟನ್

ಅಲಾರಂ ಪೊಲೀಸರಿಗೆ ಏನನ್ನೂ ತಿಳಿಸಲ್ಲ. ಆ ಕೆಲಸಕ್ಕೆ ಇರೋದು 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲದಕ್ಕೂ ಈಗ ಇದೊಂದೇ ನಂಬರ್. 2017ರಿಂದ ದೇಶದಲ್ಲಿ ಮಾರುವ ಮೊಬೈಲ್‌ಗಳಲ್ಲಿ ಪ್ಯಾನಿಕ್ ಬಟನ್ ಇರಲೇಬೇಕು ಅಂತ ಕೇಂದ್ರದ ನಿಯಮ ಇದೆ. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿಯೋದು. ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ ಬೇಗ ಬೇಗ ಮೂರು ಸಲ, ಕೆಲವು ಮಾಡೆಲ್‌ಗಳಲ್ಲಿ ಐದು ಸಲ ಒತ್ತೋದು. ನಿಮ್ಮ ಫೋನಿನಲ್ಲಿ ಯಾವುದು ಅಂತ ಸೆಟ್ಟಿಂಗ್ಸ್‌ನ ಎಮರ್ಜೆನ್ಸಿ ಭಾಗದಲ್ಲಿ ಇವತ್ತೇ ನೋಡಿಕೊಳ್ಳಿ, ಸುಮ್ಮನೆ ಒತ್ತಿ ಪರೀಕ್ಷೆ ಮಾಡಬೇಡಿ, ಕರೆ ಹೋಗಿಬಿಡುತ್ತೆ. ಮೊದಲು ಪಿನ್ ಎಳೆದು ಓಡಿ, ಸುರಕ್ಷಿತ ಜಾಗ ಸೇರಿದ ಮೇಲೆ ಫೋನ್.

ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಪಿನ್ ಅಲಾರಂಗಿಂತ ಎಲೆಕ್ಟ್ರಿಕ್ ಅಂಗಡಿಯ ವೈರ್‌ಲೆಸ್ ಕಾಲಿಂಗ್ ಬೆಲ್ ವಾಸಿ. ಬೆಲ್ ಪಕ್ಕದ ಮನೆಯ ಹಾಲ್‌ನಲ್ಲಿ, ಸ್ವಿಚ್ ಇವರ ಕೊರಳಲ್ಲೋ ಮಂಚದ ಪಕ್ಕದಲ್ಲೋ ಇರಲಿ. ಬಚ್ಚಲಲ್ಲಿ ಜಾರಿ ಬಿದ್ದಾಗ ಬೀದಿಯೆಲ್ಲ ಕೇಳೋದು ಬೇಕಿಲ್ಲ, ಒಂದು ಮನೆಗೆ ಕೇಳಿಸಿದರೆ ಸಾಕು.

ಅಂಗಡಿಯವರು ಏನು ಮಾಡಬೇಕು?

ಕಷ್ಟ ಇರೋದೇ ಇಲ್ಲಿ. ರಾತ್ರಿ ಗೂರ್ಖಾನ ಸೀಟಿ ಕೇಳಿದರೆ ಅದೇನು ಅಂತ ಎಲ್ಲರಿಗೂ ಗೊತ್ತು. ಪರ್ಸನಲ್ ಅಲಾರಂ ಸದ್ದು ಹಾಗಲ್ಲ. ನಿಲ್ಲಿಸಿದ ಬೈಕು, ಕಾರಿನ ಅಲಾರಂ ದಿನಕ್ಕೆ ಹತ್ತು ಸಲ ಕೂಗಿ ಕೂಗಿ, ‘ಯಾರದೋ ಗಾಡಿ’ ಅಂತ ತಲೆ ಎತ್ತದೇ ಇರೋದು ಅಭ್ಯಾಸ ಆಗಿಹೋಗಿದೆ. ಅಲಾರಂ ತಂದವರು ದಿನಾ ಓಡಾಡುವ ದಾರಿಯ ಮೆಡಿಕಲ್ ಸ್ಟೋರ್, ಬೇಕರಿ, ಹಾಲಿನ ಬೂತ್ ಕಡೆ ಒಮ್ಮೆ ಅದರ ಸದ್ದು ಕೇಳಿಸಿ, ‘ಅಣ್ಣಾ, ಈ ಸದ್ದು ಕೇಳಿದ್ರೆ ಒಂಚೂರು ಹೊರಗೆ ಬನ್ನಿ’ ಅಂತ ಹೇಳಿಟ್ಟರೆ ತಪ್ಪೇನಿಲ್ಲ. ಬೀದಿಯ ನಾಲ್ಕೈದು ಅಂಗಡಿಯವರು ಸೇರಿ ಮೊದಲೇ ಮಾತಾಡಿಕೊಂಡರೆ ಇನ್ನೂ ಒಳ್ಳೇದು.

ಸದ್ದು ಕೇಳಿದಾಗ ಒಬ್ಬರೇ ನುಗ್ಗುವ ಅಗತ್ಯವಿಲ್ಲ. ಹೊರಗೆ ಬಂದು ‘ಏಯ್, ಯಾರದು?’ ಅಂತ ಗಟ್ಟಿಯಾಗಿ ಕೂಗಿ, ಪಕ್ಕದ ಅಂಗಡಿಯವರನ್ನೂ ಕರೆಯಿರಿ. ಶಟರ್ ಅರ್ಧ ಇಳಿಸಿದ್ದರೆ ಎತ್ತಿ, ಬೋರ್ಡಿನ ಲೈಟ್ ಹಾಕಿ. ಓಡಿ ಬಂದವರನ್ನು ಒಳಗೆ ಕೂರಿಸಿ ನೀರು ಕೊಡಿ. ಗಾಡಿ ನಂಬರ್ ಕಂಡರೆ ಬರೆದಿಟ್ಟುಕೊಳ್ಳಿ, ಅಂಗಡಿಯ ಸಿಸಿಟಿವಿ ದೃಶ್ಯ ಅಳಿಸಿಹೋಗದಂತೆ ತೆಗೆದಿಡಿ. ಸಿಕ್ಕವನನ್ನು ಹಿಡಿದು ಹೊಡೆಯೋದು ಬೇಡ, ಕೇಸು ಹೊಡೆದವರ ಮೇಲೂ ಬೀಳುತ್ತೆ. ಗುಂಪು ಕಟ್ಟಿ ಮೊಬೈಲಲ್ಲಿ ವಿಡಿಯೊ ಮಾಡಿ ವಾಟ್ಸ್ಆ್ಯಪ್‌ಗೆ ಹಾಕೋದಂತೂ ಬೇಡವೇ ಬೇಡ. ಆ ವಿಡಿಯೊ ಊರು ಸುತ್ತಿದರೆ ಹುಡುಗಿಯ ಕಾಲೇಜು ನಿಲ್ಲುತ್ತೆ, ಕೈ ಹಾಕಿದವನಿಗೆ ಏನೂ ಆಗಿರಲ್ಲ. ಅದೇ ಭಯಕ್ಕೆ ಎಷ್ಟೋ ಹೆಣ್ಣುಮಕ್ಕಳು ಪಿನ್ ಎಳೆಯೋಕೇ ಹಿಂದೆಮುಂದೆ ನೋಡ್ತಾರೆ. ‘ಇಷ್ಟು ಹೊತ್ತಲ್ಲಿ ಯಾಕಮ್ಮ ಬಂದೆ?’ ಅನ್ನುವ ಪ್ರಶ್ನೆಯನ್ನೂ ಬಿಡಿ. ‘ಯಾರಿಗೆ ಫೋನ್ ಮಾಡ್ಲಿ?’ ಅಂತ ಕೇಳಿ.

ದೂರು ಕೊಡುವುದಾದರೆ ಘಟನೆ ಯಾವ ಠಾಣೆ ವ್ಯಾಪ್ತಿ ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ ಯಾವ ಠಾಣೆಯಲ್ಲಾದರೂ ಎಫ್‌ಐಆರ್ ದಾಖಲಿಸಲು ಅವಕಾಶವಿದೆ. 112ಕ್ಕೆ ಕರೆ ಮಾಡುವಾಗ ಮೊದಲು ಜಾಗ ಹೇಳಿ: ಊರು, ರಸ್ತೆ, ಹತ್ತಿರದ ಬ್ಯಾಂಕು ಅಥವಾ ದೇವಸ್ಥಾನ, ಅಂಗಡಿ ಹೆಸರು. ಏನಾಯ್ತು ಅನ್ನೋದು ಆಮೇಲೆ. ನಡುವೆ ಲೈನ್ ಕಟ್ ಆದರೂ ಗಾಡಿ ಎಲ್ಲಿಗೆ ಬರಬೇಕು ಅನ್ನೋದು ಅವರಿಗೆ ಗೊತ್ತಾಗಿರುತ್ತೆ.